ಎಳೆಯಬೇಡಿ, ಜಾರಿಸಿ: ಕೈಯ ಜೋಮಿಗೆ ನರಗಳ ಮೃದು ವ್ಯಾಯಾಮ



“ಕೈ ಕೆಸರಾದರೆ ಬಾಯಿ ಮೊಸರು” ಎಂಬ ಗಾದೆಯನ್ನು ನೀವು ಅಜ್ಜಿಯ ಬಾಯಿಂದ ಕೇಳಿರುತ್ತೀರಿ. ಹೈದರಾಬಾದಿನಲ್ಲಿಯೇ ಹುಟ್ಟಿ ಬೆಳೆದ ನಿಮ್ಮ ಕೈಗೆ ಈಗ ಕೆಸರು ಹತ್ತುವುದಿಲ್ಲ. ಕೀಬೋರ್ಡು, ಮೌಸು, ಮೊಬೈಲುಗಳೇ ನಿಮ್ಮ ಹೊಲ, ನಿಮ್ಮ ಗದ್ದೆ. ಆದರೂ ದುಡಿಯುವುದು ಅದೇ ಕೈ. ಆ ಕೈ ಒಂದು ದಿನ “ಇನ್ನು ನನ್ನಿಂದಾಗದು” ಎಂದು ಕುಳಿತುಬಿಟ್ಟರೆ ಗತಿಯೇನು ಎಂದು ನಾವು ಯಾರೂ ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ. ಅದಕ್ಕೆ ತೆತ್ತ ಬೆಲೆಯನ್ನು ನಿಮಗೆ ಹೇಳಬೇಕೆಂದೇ ಈ ಲೇಖನ.

ನಾನು ವೈದ್ಯಳಲ್ಲ. ಮೂವತ್ತು ವರ್ಷಗಳಿಂದ ಈ ಊರಿನಲ್ಲಿ ಸಂಸಾರ ಮಾಡಿಕೊಂಡು ಬಂದ ಗೃಹಿಣಿ. ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಆದ್ದರಿಂದ ಇಲ್ಲಿ ಬರೆದದ್ದರಲ್ಲಿ ಅರ್ಧ ನನ್ನ ಕೈ ಕಲಿಸಿದ್ದು, ಇನ್ನರ್ಧ ವೈದ್ಯರನ್ನೂ ಫಿಸಿಯೋಥೆರಪಿಸ್ಟರನ್ನೂ ಬಿಡದೆ ಕೇಳಿ, ಓದಿ ತಿಳಿದುಕೊಂಡದ್ದು.

ಹೋದ ವರ್ಷ ಒಂದು ರಾತ್ರಿ ಮಾಧಾಪುರದ ಕಛೇರಿಯಿಂದ ಬಂದ ನನ್ನ ಮಗ ಊಟಕ್ಕೆ ಕುಳಿತವನು ಎರಡು ತುತ್ತಿಗೊಮ್ಮೆ ಬಲಗೈಯನ್ನು ಕೊಡವುತ್ತಿದ್ದ. “ಯಾಕೋ, ಕೈ ಯಾಕ ಝಾಡಸ್ಲಿಕತ್ತಿ?” ಎಂದೆ. “ಏನಿಲ್ಲಮ್ಮ, ಸುಮ್ನ ಜೋಮ್ ಹಿಡದದ” ಎಂದ. ನನ್ನ ಎದೆ ಧಸಕ್ಕೆಂದಿತು. ಏಕೆಂದರೆ ಆರು ವರ್ಷಗಳ ಹಿಂದೆ ನಾನೂ ಇದೇ ಮಾತನ್ನು ಇದೇ ಧಾಟಿಯಲ್ಲಿ ಮನೆಯವರಿಗೆ ಹೇಳಿದ್ದೆ. “ಏನಿಲ್ಲ” ಎಂಬ ಆ ಒಂದು ಮಾತು ನನ್ನ ಬಲಗೈಯನ್ನು ಕೆಡಿಸಿತು.

ನನ್ನ ಬಲಗೈಯ ಕಥೆ

ನಮ್ಮ ಸಂಘದ ಅನೇಕ ಮನೆಗಳಂತೆ ನಮ್ಮದೂ ಕಲಬುರಗಿ ಕಡೆಯ ಮನೆತನ. 1956ರ ನವೆಂಬರ್ 1ರವರೆಗೆ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ಇದೇ ಹೈದರಾಬಾದ್ ರಾಜ್ಯದಲ್ಲಿದ್ದವಷ್ಟೆ. ರಾಜ್ಯ ಬೇರೆಯಾದರೂ ಆ ಕಡೆಯಿಂದ ಬಂದವರ ಅಡಿಗೆಮನೆಯಲ್ಲಿ ಜೋಳದ ರೊಟ್ಟಿ ಬೇರೆಯಾಗಲಿಲ್ಲ. ಬಿಸಿನೀರಿನ ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು, ಆಮೇಲೆ ತಟ್ಟಬೇಕು. ದಿನಕ್ಕೆ ಹದಿನೈದು ಇಪ್ಪತ್ತು ರೊಟ್ಟಿ, ಅದೂ ಮೂವತ್ತು ವರ್ಷ!

ಮೊದಮೊದಲು ರಾತ್ರಿ ಎರಡು ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿನಲ್ಲಿ ಇರುವೆ ಹರಿದಾಡಿದಂತೆ ಆಗುತ್ತಿತ್ತು. ಕೈ ಕೊಡವಿದರೆ ಸರಿಹೋಗುತ್ತಿತ್ತು, ಮತ್ತೆ ಮಲಗುತ್ತಿದ್ದೆ. ಕೆಲವರು ವಾತವೆಂದರು, ಕೆಲವರು ವಯಸ್ಸೆಂದರು. ಬೇವಿನೆಣ್ಣೆ ಹಚ್ಚಿದ್ದಾಯಿತು, ಮಾತ್ರೆ ನುಂಗಿದ್ದಾಯಿತು. ಹೀಗೆ ಎರಡು ವರ್ಷ ಕಳೆಯಿತು. ಒಂದು ದಿನ ತುಂಬಿದ ಹಾಲಿನ ಪಾತ್ರೆ ಕೈಯಿಂದ ಜಾರಿ ಬಿತ್ತು. ಆಗ ಎರಡೂ ಅಂಗೈಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಬಲಗೈ ಹೆಬ್ಬೆರಳಿನ ಬುಡದ ಉಬ್ಬು ಇಳಿದು ಗುಳಿ ಬಿದ್ದಿತ್ತು.

ನರಗಳ ಪರೀಕ್ಷೆ ಮಾಡಿದ ವೈದ್ಯರು ಇದು ಕಾರ್ಪಲ್ ಟನೆಲ್ ಸಿಂಡ್ರೋಮ್ ಎಂದರು. ಬಲಗೈ ನರ ಬಹಳ ದಿನದಿಂದ ಅದುಮಿಹೋಗಿದೆ, ಶಸ್ತ್ರಚಿಕಿತ್ಸೆ ಬೇಕೇ ಬೇಕು ಎಂದರು. ಎಡಗೈಯಲ್ಲಿ ಆಗಷ್ಟೇ ಶುರುವಾಗಿತ್ತು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಕಡಿಮೆ ಇರುವುದೂ ಗೊತ್ತಾಯಿತು. ಶಸ್ತ್ರಚಿಕಿತ್ಸೆಯ ನಂತರ ರಾತ್ರಿಯ ನಿದ್ದೆ ಮರಳಿತು. ಆದರೆ ಬೆರಳ ತುದಿಯ ಸ್ಪರ್ಶ ಪೂರ್ತಿ ಮರಳಲಿಲ್ಲ. ಹಿಂದೆಲ್ಲ ಕಣ್ಣು ಮುಚ್ಚಿಕೊಂಡು ರೊಟ್ಟಿಯ ದಪ್ಪವನ್ನು ಬೆರಳಿನಿಂದಲೇ ಹೇಳುತ್ತಿದ್ದೆ. ಈಗ ಕಣ್ಣು ತೆರೆದು ನೋಡಬೇಕು. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯ ಹುಡುಗಿಯನ್ನು ಕರೆಯುತ್ತೇನೆ. ಎಡಗೈ ಮಾತ್ರ ಉಳಿಯಿತು. ಅದು ಉಳಿದದ್ದು ಬೇಗ ಗಮನಿಸಿದ್ದರಿಂದ, ರಾತ್ರಿ ಕಟ್ಟುವ ಪಟ್ಟಿಯಿಂದ, ಥೈರಾಯ್ಡ್ ಔಷಧಿಯಿಂದ, ಮತ್ತು ನಾನು ಈಗ ಹೇಳಹೊರಟಿರುವ ಪುಟ್ಟ ವ್ಯಾಯಾಮದಿಂದ. ಇದರಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲಾರೆ.

ನರವೆಂದರೆ ಯಾವುದು?

ಮನೆಯಲ್ಲಿ “ಕೈಯ ಮೇಲೆ ನರ ಎದ್ದಾವ” ಎನ್ನುತ್ತೇವೆ. ಹಾಗೆ ಹಸಿರಾಗಿ ಕಾಣುವುದು ನರವಲ್ಲ, ರಕ್ತನಾಳ. ಇಲ್ಲಿಯ ಹಿಂದಿ ಉರ್ದುವಿನ “ನಸ್” ಎಂಬ ಪದವೂ ಇದೇ ಗೊಂದಲ ಹುಟ್ಟಿಸುತ್ತದೆ. ನಿಜವಾದ ನರ ಕಣ್ಣಿಗೆ ಕಾಣದೆ ಒಳಗೆ ಹರಿಯುವ ವಿದ್ಯುತ್ ತಂತಿಯಂಥದು. ಕುತ್ತಿಗೆಯ ಕೆಳಭಾಗದ ಬೆನ್ನುಹುರಿಯಿಂದ ಹೊರಟ ಐದು ಬೇರುಗಳು ಭುಜದ ಬಳಿ ಜಡೆಯಂತೆ ಹೆಣೆದುಕೊಂಡು, ಮತ್ತೆ ಕವಲೊಡೆದು ಬೆರಳ ತುದಿಯವರೆಗೆ ಇಳಿಯುತ್ತವೆ. ಆ ಕವಲುಗಳಲ್ಲಿ ಮೂರು ನಮಗಿಲ್ಲಿ ಮುಖ್ಯ: ಮೀಡಿಯನ್, ಅಲ್ನಾರ್ ಮತ್ತು ರೇಡಿಯಲ್.

ಮಣಿಕಟ್ಟಿನ ಒಳಭಾಗದಲ್ಲಿ ಒಂದು ಇಕ್ಕಟ್ಟಾದ ಸುರಂಗವಿದೆ. ಕೆಳಗೆ ಮೂಳೆಗಳು, ಮೇಲೆ ಚಾವಣಿಯಂತೆ ಗಟ್ಟಿಯಾದ ಪಟ್ಟಿ. ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ಮೀಡಿಯನ್ ನರವೂ ಈ ಸುರಂಗದಲ್ಲಿಯೇ ಹಾದುಹೋಗಬೇಕು. ಅಫ್ಜಲ್‌ಗಂಜಿನ ಸಿಟಿ ಬಸ್ಸನ್ನು ನೆನೆಸಿಕೊಳ್ಳಿ! ಒಳಗೆ ತುಸು ಬಾವು ಬಂದರೂ ಮೊದಲು ನಲುಗುವುದು ಮೃದುವಾದ ನರವೇ.

ಇದು ಕಂಪ್ಯೂಟರಿನ ಜೊತೆಗೆ ಬಂದ ಕಾಯಿಲೆಯೇನೂ ಅಲ್ಲ. ಇಟಲಿಯ ವೈದ್ಯ ರಮಾಜ್ಜಿನಿ ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ 1700ರಲ್ಲಿ ಪುಸ್ತಕ ಪ್ರಕಟಿಸಿ, 1713ರಲ್ಲಿ ಅದನ್ನು ವಿಸ್ತರಿಸಿದಾಗ, ಸದಾ ಕುಳಿತು ಒಂದೇ ಬಗೆಯಲ್ಲಿ ಲೇಖನಿ ಓಡಿಸುವ ಗುಮಾಸ್ತರ ಕೈನೋವನ್ನೂ ವಿವರಿಸಿದ. ಮಣಿಕಟ್ಟಿನಲ್ಲಿ ಮೀಡಿಯನ್ ನರ ಅದುಮಿಹೋಗುವುದನ್ನು ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ 1854ರಲ್ಲಿ ಬರೆದಿಟ್ಟ. ನಾನು ಇಂಗ್ಲಿಷ್ ಓದಿದವಳಾದ್ದರಿಂದ ಕಾದಂಬರಿಕಾರ ಹೆನ್ರಿ ಜೇಮ್ಸ್‌ನ ಹೆಸರನ್ನೂ ಸೇರಿಸುತ್ತೇನೆ. ಮಣಿಕಟ್ಟಿನ ನೋವು ತಾಳಲಾರದೆ ಆತ 1897ರಿಂದ ಕಾದಂಬರಿಗಳನ್ನು ಬಾಯಲ್ಲಿ ಹೇಳಿ ಟೈಪಿಸ್ಟರಿಂದ ಬರೆಸತೊಡಗಿದ. ಆತನ ವಾಕ್ಯಗಳು ಅಷ್ಟುದ್ದವಾಗಲು ಅದೂ ಒಂದು ಕಾರಣ ಎನ್ನುವವರಿದ್ದಾರೆ.

ಯಾವ ಬೆರಳು, ಯಾವ ನರ?

ಕನ್ನಡದಲ್ಲಿ ಜೋಮು, ತೆಲುಗಿನಲ್ಲಿ ತಿಮ್ಮಿರಿ. ಯಾವ ಭಾಷೆಯಲ್ಲಿ ಹೇಳಿದರೂ ವೈದ್ಯರು ಕೇಳುವ ಮೊದಲ ಪ್ರಶ್ನೆ “ಯಾವ ಬೆರಳಿಗೆ?” ಎಂದು. ಇದನ್ನು ನೀವೇ ಗಮನಿಸಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮತ್ತು ಉಂಗುರದ ಬೆರಳಿನ ಅರ್ಧ ಭಾಗ ಜೋಮು ಹಿಡಿದು, ಕಿರುಬೆರಳು ಮಾತ್ರ ಚೆನ್ನಾಗಿದ್ದರೆ ಅದು ಮೀಡಿಯನ್ ನರದ ದೂರು. ರಾತ್ರಿ ಹೆಚ್ಚಾಗುವುದು, ಕೊಡವಿದರೆ ಕಡಿಮೆಯಾಗುವುದು, ಸ್ಕೂಟರ್ ಓಡಿಸುವಾಗ ಅಥವಾ ಫೋನು ಹಿಡಿದಾಗ ಕಾಣಿಸಿಕೊಳ್ಳುವುದು ಇದರ ಲಕ್ಷಣ. ಮಧುಮೇಹ, ಥೈರಾಯ್ಡ್ ಕೊರತೆ, ಬಸುರಿತನ, ಸಂಧಿವಾತ, ಸ್ಥೂಲಕಾಯ, ಹಿಂದೆ ಮಣಿಕಟ್ಟು ಮುರಿದಿದ್ದು, ಬಲವಾಗಿ ಒತ್ತುವ ಅಥವಾ ಅದುರುವ ಯಂತ್ರ ಹಿಡಿಯುವ ಕೆಲಸ ಇವೆಲ್ಲ ಇದಕ್ಕೆ ದಾರಿ ಮಾಡುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಬರೀ ಕೀಬೋರ್ಡಿನಿಂದಲೇ ಬರುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಆದ್ದರಿಂದ “ಕಂಪ್ಯೂಟರ್ ನೋವು” ಎಂದು ನೀವೇ ಹೆಸರಿಟ್ಟು ಸುಮ್ಮನಾಗದೆ, ಒಳಗಿನ ಕಾರಣವನ್ನೂ ಹುಡುಕಿಸಬೇಕು.

ಕಿರುಬೆರಳು ಮತ್ತು ಉಂಗುರದ ಬೆರಳಿನ ಅದರ ಪಕ್ಕದ ಭಾಗ ಜೋಮು ಹಿಡಿದರೆ ಅದು ಅಲ್ನಾರ್ ನರ. ಮೊಣಕೈ ಬಾಗಿಲಿಗೆ ತಗುಲಿದಾಗ ಕರೆಂಟು ಹೊಡೆದಂತಾಗುತ್ತದಲ್ಲ, ಅದು ಈ ನರವೇ. ಗಂಟೆಗಟ್ಟಲೆ ಮೊಣಕೈ ಮಡಿಸಿ ಫೋನಿನಲ್ಲಿ ಮಾತನಾಡುವವರಿಗೆ, ಮೊಣಕೈಯನ್ನು ಮೇಜಿನ ಅಂಚಿಗೆ ಊರಿ ಕೂರುವವರಿಗೆ, ಕೈ ಮಡಿಸಿಕೊಂಡು ಮಲಗುವವರಿಗೆ ಇದರ ಕಾಟ. ಇನ್ನು ರೇಡಿಯಲ್ ನರ ತೊಂದರೆ ಕೊಟ್ಟರೆ ಹೆಬ್ಬೆರಳ ಹಿಂಭಾಗ, ಮುಂಗೈಯ ಹೊರಮೈ ಮರಗಟ್ಟುತ್ತದೆ. ಕೆಲವೊಮ್ಮೆ ಮಣಿಕಟ್ಟನ್ನು ಮೇಲೆತ್ತುವುದೇ ಆಗುವುದಿಲ್ಲ. ಬೇರು ಇರುವುದು ಕುತ್ತಿಗೆಯಲ್ಲಾದ್ದರಿಂದ ಕುತ್ತಿಗೆಯ ತೊಂದರೆಯೂ ಕೈಯ ಜೋಮಾಗಿ ಕಾಣಬಹುದು ಎಂಬುದನ್ನು ಮರೆಯಬೇಡಿ.

ಲಾಡಿಯಿಂದ ಕಲಿತ ಪಾಠ

ಎಡಗೈಗೆ ವ್ಯಾಯಾಮ ಹೇಳಿಕೊಟ್ಟಾಗ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಚಿತ್ರವಿದ್ದ ಕಾಗದವನ್ನು ಫ್ರಿಜ್ಜಿಗೆ ಅಂಟಿಸಿಕೊಂಡೆ. ಐದು ಸಲ ಎಂದು ಬರೆದದ್ದನ್ನು ಐವತ್ತು ಸಲ ಮಾಡಿದೆ. ಎಳೆದಷ್ಟೂ ಒಳ್ಳೆಯದೆಂದು ಬೆರಳುಗಳನ್ನು ಹಿಂದಕ್ಕೆ ಜಗ್ಗಿ ಜಗ್ಗಿ ಹಿಡಿದೆ. ಹಠದಲ್ಲಿ ನಾವು ಯಾರಿಗೇನು ಕಡಿಮೆ? ನಾಲ್ಕೇ ದಿನಕ್ಕೆ ಚೆನ್ನಾಗಿದ್ದ ಕೈಯೂ ರಾತ್ರಿಯಿಡೀ ಉರಿಯತೊಡಗಿತು.

ಆಗ ಆ ಫಿಸಿಯೋಥೆರಪಿಸ್ಟ್ ಹುಡುಗಿ, ನಿಮ್ಮದೇ ವಯಸ್ಸಿನವಳು, ನಗುತ್ತ ತೆಲುಗಿನಲ್ಲಿ ಹೇಳಿದಳು: “ಆಂಟೀ, ನರವೇನು ರಬ್ಬರ್ ಬ್ಯಾಂಡಲ್ಲ. ಅದನ್ನು ಎಳೆಯಬಾರದು, ಜಾರಿಸಬೇಕು.” ಕೇಳಿದೆ, ಆದರೆ ಅರ್ಥವಾಗಲಿಲ್ಲ. ಮನೆಗೆ ಬಂದು ಒಗೆದ ಲಂಗಕ್ಕೆ ಲಾಡಿ ಸರಿಮಾಡುತ್ತ ಕುಳಿತಾಗ ತಟ್ಟನೆ ಹೊಳೆಯಿತು. ಲಾಡಿಯ ಒಂದು ತುದಿಯನ್ನು ಎಳೆದು ಇನ್ನೊಂದು ತುದಿಯನ್ನು ಸಡಿಲ ಬಿಟ್ಟರೆ ಅದು ಪಟ್ಟಿಯೊಳಗೆ ಸರಾಗವಾಗಿ ಜಾರುತ್ತದೆ. ಎರಡೂ ತುದಿಗಳನ್ನು ಒಟ್ಟಿಗೆ ಜಗ್ಗಿದರೆ? ಬಿಗಿಯುತ್ತದೆ, ಬಟ್ಟೆ ನೆರಿಗೆ ಕಟ್ಟುತ್ತದೆ, ಕಡೆಗೆ ದಾರವೂ ಹರಿಯುತ್ತದೆ. ನರವೂ ಹಾಗೆಯೇ.

ಇದು ಬರೀ ಉಪಮೆಯಲ್ಲ. ನಾವು ಕೈ ಚಾಚಿ ಮಡಿಸಿದಂತೆಲ್ಲ ಆರೋಗ್ಯವಂತ ನರ ತನ್ನ ದಾರಿಯಲ್ಲಿ ಕೆಲವು ಮಿಲಿಮೀಟರ್ ಹಿಂದೆ ಮುಂದೆ ಸರಿದಾಡುತ್ತದೆ. ಆ ಸರಿದಾಟ ಕುಂದಿದಾಗ, ಒತ್ತಡ ಬಿದ್ದು ರಕ್ತಸಂಚಾರ ತಗ್ಗಿದಾಗ, ಅದು ಜೋಮಿನ ಭಾಷೆಯಲ್ಲಿ ದೂರುತ್ತದೆ. ಮಿಶೆಲ್ ಕೊಪಿಟರ್ಸ್ ಮತ್ತು ಡೇವಿಡ್ ಬಟ್ಲರ್ ಎಂಬ ಫಿಸಿಯೋಥೆರಪಿ ತಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೃತದೇಹಗಳ ತೋಳಿನ ನರಗಳನ್ನು ಅಳೆದು ನೋಡಿದರು. ಒಂದು ಕಡೆ ಎಳೆದು ಇನ್ನೊಂದು ಕಡೆ ಸಡಿಲಿಸುವ ಕ್ರಮದಲ್ಲಿ ಮಣಿಕಟ್ಟಿನ ಬಳಿ ಮೀಡಿಯನ್ ನರ ಸುಮಾರು 12 ಮಿಲಿಮೀಟರ್ ಸರಿಯಿತು. ಎರಡೂ ಕಡೆ ಎಳೆದಾಗ ಸರಿದದ್ದು ಸುಮಾರು 6 ಮಿಲಿಮೀಟರ್ ಮಾತ್ರ, ಬಿಗಿತವೋ ಬಹಳ ಹೆಚ್ಚು. ಮೆಲ್ಲಗೆ ಮಾಡಿದಾಗಲೇ ಹೆಚ್ಚು ಕೆಲಸ! ನನ್ನ ಹಠಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ.

ವ್ಯಾಯಾಮದ ಕ್ರಮ

ಮೊದಲು ಒಂದು ಮಾತು. ಇವನ್ನು ಒಮ್ಮೆ ಫಿಸಿಯೋಥೆರಪಿಸ್ಟರ ಎದುರಿಗೆ ಮಾಡಿ ತೋರಿಸಿ, ಆಮೇಲೆ ಮನೆಯಲ್ಲಿ ಮುಂದುವರಿಸುವುದು ಕ್ಷೇಮ. ನೆಟ್ಟಗೆ ಕುಳಿತು, ಭುಜ ಸಡಿಲಿಸಿ, ಉಸಿರು ಬಿಗಿಹಿಡಿಯದೆ ಮಾಡಿ.

1. ಬೆರಳುಗಳ ಐದು ಭಂಗಿ. ಇದು ಸುರಂಗದಲ್ಲಿ ನರದ ಜೊತೆಗಿರುವ ಸ್ನಾಯುರಜ್ಜುಗಳಿಗೆ. ಮಣಿಕಟ್ಟು ನೇರವಾಗಿರಲಿ. ಮೊದಲು ಬೆರಳುಗಳನ್ನು ನೆಟ್ಟಗೆ ಮಾಡಿ. ಎರಡನೆಯದು, ಬುಡದ ಗೆಣ್ಣು ನೇರವಿಟ್ಟು ಮೇಲಿನ ಎರಡು ಗೆಣ್ಣು ಮಾತ್ರ ಕೊಕ್ಕೆಯಂತೆ ಬಾಗಿಸಿ. ಮೂರನೆಯದು, ಸಡಿಲವಾದ ಪೂರ್ಣ ಮುಷ್ಟಿ. ನಾಲ್ಕನೆಯದು, ಬುಡದ ಗೆಣ್ಣು ಮಾತ್ರ ಬಾಗಿಸಿ ಬೆರಳುಗಳನ್ನು ಮಣೆಯಂತೆ ಚಾಚಿ. ಐದನೆಯದು, ಬೆರಳ ತುದಿಗಳು ಅಂಗೈಯ ಬುಡವನ್ನು ಮುಟ್ಟುವಂತೆ ಚಪ್ಪಟೆ ಮುಷ್ಟಿ. ಒಂದೊಂದು ಭಂಗಿಯ ನಡುವೆ ಬೆರಳು ನೆಟ್ಟಗಾಗಲಿ.

2. ಮೀಡಿಯನ್ ನರಕ್ಕೆ ಆರು ಮೆಟ್ಟಿಲು. ಮೊಣಕೈಯನ್ನು ಮಡಿಸಿ ಪಕ್ಕೆಗೆ ಒರಗಿಸಿಕೊಳ್ಳಿ. ಮೊದಲನೆಯದು, ಮಣಿಕಟ್ಟು ನೇರ, ಮುಷ್ಟಿ ಮೃದು. ಎರಡನೆಯದು, ಬೆರಳು ಹೆಬ್ಬೆರಳುಗಳನ್ನು ಜೋಡಿಸಿಯೇ ನೆಟ್ಟಗೆ ಮಾಡಿ. ಮೂರನೆಯದು, “ನಿಲ್ಲು” ಎನ್ನುವ ಪೋಲೀಸಿನವರಂತೆ ಮಣಿಕಟ್ಟನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ. ನಾಲ್ಕನೆಯದು, ಹಾಗೆಯೇ ಹೆಬ್ಬೆರಳನ್ನು ಪಕ್ಕಕ್ಕೆ ಚಾಚಿ. ಐದನೆಯದು, ಅದೇ ಭಂಗಿಯಲ್ಲಿ ಅಂಗೈ ಆಕಾಶ ನೋಡುವಂತೆ ತಿರುಗಿಸಿ. ಆರನೆಯದು, ಇನ್ನೊಂದು ಕೈಯಿಂದ ಹೆಬ್ಬೆರಳನ್ನು ಹೂ ಮುಟ್ಟಿದಂತೆ ತುಸು ಹಿಂದಕ್ಕೆ ಸರಿಸಿ. ಒಂದೊಂದರಲ್ಲಿ ಮೂರರಿಂದ ಐದು ಸೆಕೆಂಡು ನಿಂತರೆ ಸಾಕು. ಎಲ್ಲಿ ಜೋಮು ಶುರುವಾಗುತ್ತದೋ ಅದರ ಹಿಂದಿನ ಮೆಟ್ಟಿಲಿಗೇ ನಿಲ್ಲಿಸಿ. ಆರನ್ನೂ ಮುಟ್ಟಲೇಬೇಕೆಂಬ ನಿಯಮವಿಲ್ಲ.

3. ಮೀಡಿಯನ್ ನರದ ಲಾಡಿಯಾಟ. ಅಂಗೈ ಮೇಲ್ಮುಖವಾಗಿರಲಿ. ಮೊಣಕೈಯನ್ನು ಚಾಚುವಾಗ ಮಣಿಕಟ್ಟನ್ನು ಒಳಕ್ಕೆ ಸಡಿಲವಾಗಿ ಬಾಗಿಸಿ. ಮೊಣಕೈಯನ್ನು ಮಡಿಸುವಾಗ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ. ಒಂದು ಕಡೆ ಎಳೆತ, ಇನ್ನೊಂದು ಕಡೆ ಸಡಿಲ. ತೊಟ್ಟಿಲು ತೂಗುವ ಲಯದಲ್ಲಿ, ಎಲ್ಲಿಯೂ ತಡೆದು ನಿಲ್ಲದೆ ಮಾಡಿ.

4. ಅಲ್ನಾರ್ ನರಕ್ಕೆ ಇದರ ತಿರುವು. ಈ ನರ ಮೊಣಕೈಯ ಹಿಂದೆ ಸುತ್ತಿ ಹೋಗುವುದರಿಂದ ಮೊಣಕೈ ಮಡಿಸಿದಾಗ ಬಿಗಿಯುತ್ತದೆ. ಆದ್ದರಿಂದ ಮೊಣಕೈ ಮಡಿಸುವಾಗ ಮಣಿಕಟ್ಟನ್ನು ಒಳಕ್ಕೆ ಸಡಿಲ ಬಿಡಿ. ಚಾಚುವಾಗ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ. ಮೂರನೆಯದನ್ನೂ ನಾಲ್ಕನೆಯದನ್ನೂ ಅದಲುಬದಲು ಮಾಡಿಕೊಳ್ಳಬೇಡಿ.

ಒಂದೊಂದನ್ನೂ ಐದು ಸಲದಿಂದ ಶುರು ಮಾಡಿ. ಹಿತವಾಗಿದ್ದರೆ ಹತ್ತಕ್ಕೆ ಏರಿಸಿ. ದಿನಕ್ಕೆ ಎರಡು ಹೊತ್ತು ಸಾಕು. ಮಾಡುವಾಗ ನವಿರಾದ ಎಳೆತ ಅನ್ನಿಸಬಹುದು, ಕೈ ಇಳಿಸಿದೊಡನೆ ಅದು ಹೋಗಬೇಕು. ಜೋಮು, ಉರಿ, ನೋವು ಉಳಿದರೆ ನೀವು ಜಾರಿಸುತ್ತಿಲ್ಲ, ಎಳೆಯುತ್ತಿದ್ದೀರಿ ಎಂದರ್ಥ. ಚಲನೆಯನ್ನು ಅರ್ಧಕ್ಕೆ ಇಳಿಸಿ. ಆಗಲೂ ಹೋಗದಿದ್ದರೆ ನಿಲ್ಲಿಸಿಬಿಡಿ.

ಇದರಿಂದ ಎಷ್ಟು ಗುಣ?

ಇದು ರಾಮಬಾಣ ಎಂದು ಹೇಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಅಮೆರಿಕೆಯ ರೋಜ್ಮರಿನ್ ಮತ್ತು ಸಂಗಡಿಗರು 1998ರಲ್ಲಿ 240 ಕೈಗಳ ಲೆಕ್ಕ ಪ್ರಕಟಿಸಿದರು. ಉಳಿದ ಚಿಕಿತ್ಸೆಯ ಜೊತೆ ಇಂಥ ವ್ಯಾಯಾಮ ಮಾಡಿದವರಲ್ಲಿ ಶೇಕಡ 43ರಷ್ಟು ಕೈಗಳಿಗೆ ಶಸ್ತ್ರಚಿಕಿತ್ಸೆಯಾಯಿತು. ಮಾಡದವರಲ್ಲಿ ಅದು ಶೇಕಡ 71. ಕೇಳಲು ಬಹಳ ಚೆನ್ನಾಗಿದೆ. ಆದರೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಜರಡಿ ಹಿಡಿಯುವ ಕಾಕ್ರೇನ್ ಸಂಸ್ಥೆಯ 2012ರ ವರದಿ, ಈ ವ್ಯಾಯಾಮಗಳ ಪರವಾದ ಆಧಾರ ಇನ್ನೂ ತೆಳುವಾಗಿದೆ ಎಂದೇ ಹೇಳಿತು. ಅಂದರೆ, ಶುರುವಿನ ತೊಂದರೆಗೆ, ಬೇರೆ ಚಿಕಿತ್ಸೆಯ ಜೊತೆಗೆ, ಇದು ಒಳ್ಳೆಯ ಊರುಗೋಲು. ಇದೊಂದನ್ನೇ ನಂಬಿ ಕೂರುವಂಥದಲ್ಲ.

ಜೊತೆಗಿರಬೇಕಾದ ಚಿಕಿತ್ಸೆಗಳಲ್ಲಿ ಮೊದಲನೆಯದು ರಾತ್ರಿ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿ. ನಿದ್ದೆಯಲ್ಲಿ ನಾವು ಮಣಿಕಟ್ಟನ್ನು ಮಡಿಸಿ ಕೆನ್ನೆಯ ಕೆಳಗಿಟ್ಟುಕೊಳ್ಳುತ್ತೇವೆ, ಸುರಂಗದಲ್ಲಿ ಒತ್ತಡ ಏರುತ್ತದೆ. ಪಟ್ಟಿ ಅದನ್ನು ತಪ್ಪಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ವೈದ್ಯರು ಮಣಿಕಟ್ಟಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಡಬಹುದು. ಕಡೆಗೆ ಸುರಂಗದ ಚಾವಣಿಯ ಪಟ್ಟಿಯನ್ನು ಬಿಡಿಸುವ ಶಸ್ತ್ರಚಿಕಿತ್ಸೆ. ಅದಕ್ಕೆ ಹೆದರಬೇಡಿ. ನಾನು ಹೆದರಿ ಮುಂದೂಡಿದ್ದರಿಂದಲೇ ಕೆಟ್ಟೆ.

ಯಾವಾಗ ವ್ಯಾಯಾಮ ಬೇಡ, ವೈದ್ಯರೇ ಬೇಕು?

ಜೋಮು ಬಂದು ಹೋಗುವುದು ಬಿಟ್ಟು ದಿನವಿಡೀ ನಿಂತುಬಿಟ್ಟರೆ, ಕೈಯಿಂದ ವಸ್ತುಗಳು ಜಾರತೊಡಗಿದರೆ, ಗುಂಡಿ ಹಾಕುವುದು ಕಷ್ಟವಾದರೆ, ಹೆಬ್ಬೆರಳಿನ ಬುಡ ಗುಳಿ ಬಿದ್ದರೆ ಒಂದು ವಾರವೂ ಕಾಯಬೇಡಿ. ಬಿದ್ದು ಪೆಟ್ಟಾದ ಮೇಲೆ ಬಂದ ಜೋಮು, ಜ್ವರ ಅಥವಾ ಕೆಂಪು ಬಾವಿನ ಜೊತೆಗಿರುವ ನೋವು, ಎರಡೂ ಕೈ ಮಂದವಾಗಿ ನಡಿಗೆಯೂ ತೂಗಾಡುವುದು, ಮೂತ್ರದ ಹಿಡಿತ ತಪ್ಪುವುದು ಇವೆಲ್ಲ ಕೂಡಲೇ ವೈದ್ಯರಿಗೆ ತೋರಿಸಬೇಕಾದವು.

ಇನ್ನೊಂದನ್ನು ಮನೆಯ ಹಿರಿಯರ ಸಲುವಾಗಿ ನೆನಪಿಡಿ. ಎದೆ ಹಿಂಡಿದಂತಾಗಿ, ಬೆವರಿ, ತೋಳು ನೋಯ್ದರೆ ಅದು ಹೃದಯದ ಕರೆ. ಇದ್ದಕ್ಕಿದ್ದಂತೆ ಒಂದು ಕೈ ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಆಗ ಎಣ್ಣೆ ಹುಡುಕದೆ 108ಕ್ಕೆ ಫೋನು ಮಾಡಿ.

ದಿನನಿತ್ಯದ ಎಚ್ಚರ

1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದಾಗ ಹೈಟೆಕ್ ಸಿಟಿಯ ಸುತ್ತ ಬಂಡೆಗಳೇ ಹೆಚ್ಚಿದ್ದವು. ಇಂದು ನಿಮ್ಮಲ್ಲಿ ಎಷ್ಟೋ ಜನರ ಅನ್ನ ಅಲ್ಲಿಯೇ. ಅಲ್ಲಿ ಕೂರುವಾಗ ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಮಡಿಯದೆ ನೇರವಾಗಿರಲಿ. ಮೌಸು ಕೈಗೆ ಹತ್ತಿರವಿರಲಿ. ಮೊಣಕೈ ಮೇಜಿನ ಅಂಚಿಗೆ ಒತ್ತದಿರಲಿ. ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಕೈ ಇಳಿಬಿಟ್ಟು ಭುಜ ತಿರುಗಿಸಿ. ಉದ್ದ ಮಾತಿಗೆ ಫೋನನ್ನು ಕಿವಿಗೆ ಒತ್ತಿ ಹಿಡಿಯುವ ಬದಲು ಇಯರ್‌ಫೋನ್ ಹಾಕಿಕೊಳ್ಳಿ. ಮಲಗಿಕೊಂಡು ಫೋನನ್ನು ಮುಖದ ಮೇಲೆ ಎತ್ತಿ ಹಿಡಿಯುವ ಚಟವನ್ನಂತೂ ಬಿಟ್ಟೇಬಿಡಿ!

ಕೊನೆಯ ಮಾತು

ಮಗನ ವಿಷಯಕ್ಕೆ ಬರುತ್ತೇನೆ. ಆರು ತಿಂಗಳಿಂದ ಜೋಮು ಇದ್ದರೂ ಆತ ಹೇಳಿರಲಿಲ್ಲ. ಏಕೆಂದರೆ ಕಛೇರಿಯಲ್ಲಿ ಅಪ್ರೈಸಲ್ ಹತ್ತಿರವಿತ್ತು, ಕೈಲಾಗದವನೆಂದು ತಿಳಿದಾರು ಎಂಬ ಭಯ. ಮನೆಯಲ್ಲಿ ಹೇಳಿದರೆ ಅಮ್ಮ ಗಾಬರಿಯಾದಾಳು ಎಂಬ ಕನಿಕರ ಬೇರೆ. ಮರುದಿನವೇ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಶುರುವಿನ ಹಂತ ಎಂದರು. ರಾತ್ರಿ ಪಟ್ಟಿ ಕಟ್ಟಿದ, ಕುರ್ಚಿ ಮೇಜು ಸರಿಪಡಿಸಿಕೊಂಡ, ದಿನಕ್ಕೆ ಎರಡು ಸಲ ಲಾಡಿಯಾಟ ಆಡಿದ. ಮೂರು ತಿಂಗಳಲ್ಲಿ ರಾತ್ರಿ ಏಳುವುದು ನಿಂತಿತು. ನನಗೆ ದೊರೆಯದ ಅವಕಾಶ ಅವನಿಗೆ ದೊರೆಯಿತು.

ನನ್ನ ಮನೆಯಲ್ಲಿ ಈಗ ರೊಟ್ಟಿಯ ಹಿಟ್ಟು ನಾದುವವರು ಯಜಮಾನರು. ಮೊದಲ ವಾರ ಅವರ ರೊಟ್ಟಿ ತೆಲಂಗಾಣದ ನಕಾಶೆಯ ಹಾಗಿತ್ತು, ಈಗ ಬಹಳಷ್ಟು ದುಂಡಗಾಗಿದೆ. ನಾನು ಪಕ್ಕದಲ್ಲಿ ನಿಂತು ಎಡಗೈಯ ಬೆರಳಿನಿಂದ ದಪ್ಪ ನೋಡಿ ಹೇಳುತ್ತೇನೆ.

ನಿಮ್ಮ ಅಪ್ಪ ಅಮ್ಮಂದಿರೂ “ಏನಿಲ್ಲ” ಎನ್ನುತ್ತಿರಬಹುದು. ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವರ ಕೈಯನ್ನು ಒಮ್ಮೆ ಹಿಡಿದು ನೋಡಿ, ಯಾವ ಬೆರಳು ಎಂದು ಕೇಳಿ. ನಿಮ್ಮ ಕೈಯನ್ನೂ ಅವರಿಗೆ ತೋರಿಸಿ. ಮುಚ್ಚಿಡಬೇಡಿ, ಮುಂದೂಡಬೇಡಿ, ಎಳೆಯಬೇಡಿ. ಮೆಲ್ಲಗೆ ಜಾರಿಸಿ. ನಿಮ್ಮೆಲ್ಲರ ಕೈಗಳು ಗಟ್ಟಿಯಾಗಿರಲಿ, ಬೆರಳ ತುದಿಗಳು ಎಚ್ಚರವಾಗಿರಲಿ ಎಂದು ಹಾರೈಸುತ್ತೇನೆ.